ಮೊದಲ ಕೂಟದ ಬಾಗಿಲವರೆಗೆ



ನಮ್ಮ ಗುರುಜೀವನದಲ್ಲಿ ಎಷ್ಟೋ ಮಂದಿಯಿಂದ ಪೀಠದ ಮುಂದೆ ಕುಡಿತ ಬಿಡುವ ಪ್ರತಿಜ್ಞೆ ಮಾಡಿಸಿದೆವು. ಹಲವರು ವಾರದೊಳಗೆ ಮುರಿದರು, ನಾವು ಗದರಿಸಿದೆವು. ಅವರಿಗೆ ಬೇಕಾಗಿದ್ದುದು ಸಂಗಾತಿಗಳೆಂಬುದು ನಮಗೆ ತಡವಾಗಿ ತಿಳಿಯಿತು. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಚಟ ನಿಲ್ಲಲಿಲ್ಲ.

1935ರಲ್ಲಿ ಅಮೇರಿಕೆಯ ಆಕ್ರನ್ ನಗರದಲ್ಲಿ ಕುಡಿತಕ್ಕೆ ಸೋತ ಇಬ್ಬರು ಒಬ್ಬರಿಗೊಬ್ಬರು ಆಸರೆಯಾದರು. ಅದರಿಂದ ಹುಟ್ಟಿದ್ದೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’. ಅದರ ಕೂಟಗಳಲ್ಲಿ ಶುಲ್ಕವಿಲ್ಲ, ಮತಭೇದವಿಲ್ಲ. ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಒಬ್ಬನು ತನ್ನ ಕಥೆ ಹೇಳುತ್ತಾನೆ, ಉಳಿದವರು ಆಲಿಸುತ್ತಾರೆ. ಈ ಒಂದು ದಿನ ಕುಡಿಯಬಾರದೆಂಬುದೇ ಅವರ ವ್ರತ. ಯಾರು ಬಂದರೆಂಬುದನ್ನು ಹೊರಗೆ ಹೇಳುವಂತಿಲ್ಲ. ಮನೆಯವರಿಗಾಗಿ ‘ಅಲ್-ಅನಾನ್’ ಕೂಟಗಳೂ ಇವೆ.

ತುಕ್ಕಾನಟ್ಟಿಯಂಥ ಊರಿನಲ್ಲಿ ಕುಡಿದು ಬೀಳಲು ನಾಚದವನೂ ಇಂಥ ಕೂಟಕ್ಕೆ ಹೋಗಲು ನಾಚುತ್ತಾನೆ. ಊರಲ್ಲಿ ಸಂಕೋಚವಾದರೆ ಗೋಕಾಕದಲ್ಲೋ ಬೆಳಗಾವಿಯಲ್ಲೋ ವಿಚಾರಿಸಿರಿ. ವ್ಯಸನಮುಕ್ತಿಯ ಉಚಿತ ಸಹಾಯವಾಣಿ 14446ಕ್ಕೆ ಕರೆಮಾಡಿರಿ. ದಿನವೂ ಅತಿಯಾಗಿ ಕುಡಿಯುವವನು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾದೀತು. ಅಂಥವನನ್ನು ಮೊದಲು ವೈದ್ಯರ ಬಳಿ ಕರೆದೊಯ್ಯಿರಿ.

ಶತಮಾನೋತ್ಸವದ ಈ ಶುಭದಿನ ನಮ್ಮ ಬಿನ್ನಹ ಒಂದೇ. ನಿಮ್ಮ ಓಣಿಯ ಅಂಥ ಸಹೋದರನೊಡನೆ ಮೊದಲ ಕೂಟದ ಬಾಗಿಲವರೆಗೆ ನಡೆಯಿರಿ. ಅವನು ಮತ್ತೆ ಬಿದ್ದರೆ ಮತ್ತೆ ನಡೆಯಿರಿ. ಸಿರೇನ್ಯದ ಸಿಮೋನನು ಪ್ರಭುವಿನ ಶಿಲುಬೆಯನ್ನು ಹೊತ್ತದ್ದೂ ಸ್ವಲ್ಪ ದೂರವೇ.