ಅವ್ವ ‘ಆರಾಮ ಇದ್ದೀನಿ’ ಅಂದಾಗ



ಹೈದರಾಬಾದಿನ ಈ ಕನ್ನಡ ಸಂಘಕ್ಕೆ ನನ್ನನ್ನು ಕರೆಯಲು ಬಂದವರು “ಡಾಕ್ಟರಬಾಯಾರ, ಕನ್ನಡದ ಬಗ್ಗೆ ನಾಲ್ಕು ಮಾತಾಡ್ರಿ” ಅಂದಿದ್ದರು. ನಾನು ಊರಿನಲ್ಲಿ ಬಿಟ್ಟು ಬಂದ ಅವ್ವ-ಅಪ್ಪನ ಬಗ್ಗೆ ಮಾತಾಡುತ್ತೇನೆ. ಇಷ್ಟು ವರ್ಷ ಈ ಊರಿನಲ್ಲಿ ಕನ್ನಡದ ಪೇಷಂಟುಗಳನ್ನು ನೋಡಿದ ಮೇಲೆ ಇವೆರಡನ್ನೂ ಬೇರೆ ಮಾಡಲು ನನಗೆ ಆಗುವುದಿಲ್ಲ. ಹ್ಯಾಗೆ ಅಂತ ಸ್ವಲ್ಪ ತಡೆದು ಹೇಳುತ್ತೇನೆ.

ನಮ್ಮಲ್ಲಿ ಬಹಳ ಮಂದಿಗೆ ರವಿವಾರ ಬೆಳಗ್ಗೆ ಊರಿಗೆ ಫೋನು ಹಚ್ಚುವುದು ಪೂಜೆಯಷ್ಟೇ ನಿಯಮ. “ಅವ್ವಾ, ಹ್ಯಾಂಗಿದ್ದಿ?” “ಆರಾಮ ಇದ್ದೀನಪ್ಪಾ.” “ಊಟ ಆತೇನು?” “ಆಗ್ಯಾದ.” “ಗುಳಿಗಿ?” “ತಗೊಂಡೀನಿ, ನೀ ಚಿಂತಿ ಮಾಡಬ್ಯಾಡ.” ಅಲ್ಲಿಗೆ ನಮ್ಮ ಮನಸ್ಸು ಹಗುರ. ಆದರೆ ನಮ್ಮ ಅವ್ವಂದಿರು ಯಾವತ್ತಾದರೂ “ನನಗ ಕೈಲಾಗವಲ್ದು” ಅಂದಿದ್ದಾರೆಯೆ? ಜ್ವರ ಇದ್ದಾಗಲೂ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋದವರು ಅವರು. ಹೇಳಿದರೆ ಮಗ ರಜಾ ಹಾಕಿ ಓಡಿ ಬರುತ್ತಾನೆ, ಆಮೇಲೆ ಮನೆಗೆ ಕೀಲಿ ಹಾಕಿಸಿ ಮಿಯಾಪುರದ ಒಂಬತ್ತನೇ ಮಹಡಿಗೆ ಕರಕೊಂಡು ಹೋಗುತ್ತಾನೆ, ಅಲ್ಲಿ ತುಳಸಿ ಕಟ್ಟೆ ಇಲ್ಲ, ಕಟ್ಟೆ ಮೇಲೆ ಕೂತು ಮಾತಾಡುವ ಗೆಳತಿಯರಿಲ್ಲ. ಆ ಹೆದರಿಕೆ ಅವರಿಗಿದೆ. ಅದಕ್ಕೇ ಫೋನಿನಲ್ಲಿ ಎಲ್ಲವೂ ಯಾವಾಗಲೂ ಆರಾಮ.

ಆದ್ದರಿಂದ ಊರಿಗೆ ಹೋಗಿ. ಎಳ್ಳ ಅಮಾವಾಸ್ಯೆಗೆ ಹೋಗುತ್ತೀರಿ, ಶರಣಬಸವೇಶ್ವರ ಜಾತ್ರೆಗೆ ಹೋಗುತ್ತೀರಿ, ಗೊತ್ತು. ಆ ದಿನಗಳಲ್ಲಿ ಮನೆ ತುಂಬ ಜನ, ಭಜ್ಜಿ ಕುದಿಸಲು ಅಕ್ಕಪಕ್ಕದವರು ಬಂದಿರುತ್ತಾರೆ, ಅವ್ವನೂ ಹೊಸ ಸೀರೆ ಉಟ್ಟು ಹುರುಪಿನಲ್ಲಿರುತ್ತಾಳೆ. ಕಾಣಬೇಕಾದ್ದು ಕಾಣುವುದಿಲ್ಲ. ಯಾವ ಹಬ್ಬವೂ ಇಲ್ಲದ ಒಂದು ಮಂಗಳವಾರವೋ ಬುಧವಾರವೋ ಗಾಡಿ ಹತ್ತಿ. ವಿಕಾರಾಬಾದ್, ತಾಂಡೂರು, ಸೇಡಂ, ಚಿತ್ತಾಪುರ ದಾಟಿದರೆ ವಾಡಿ, ಅಲ್ಲಿಂದ ಕಲಬುರಗಿ ಎಷ್ಟರದು? ಎರಡು ರಾತ್ರಿ ಉಳಿಯಿರಿ.

ಹೋದವರು ಮೊದಲು ಅಡುಗೆಮನೆ ನೋಡಿ. ಬೋಗಾಣಿಗಳ ತಳ ಸೀದು ಕಪ್ಪಾಗಿದೆಯೆ? ಹಾಲು ಉಕ್ಕಿ ಒಲೆ ತುಂಬ ಒಣಗಿದೆಯೆ? ಸಕ್ಕರೆ ಪಾಕೀಟು ಇದ್ದರೂ ಮತ್ತೆ ಮತ್ತೆ ತರಿಸಿ ಇಟ್ಟಿದ್ದಾರೆಯೆ? ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಳ ಓಡಾಡುತ್ತಿವೆಯೆ? ನಮ್ಮ ಕಡೆಯ ಹೆಣ್ಣುಮಗಳು ರೊಟ್ಟಿ ಬಡಿಯುವುದನ್ನು ಬಿಟ್ಟಳೆಂದರೆ ಅದು ಸಣ್ಣ ವಿಷಯವಲ್ಲ. ಭುಜ ನೋಯುತ್ತಿರಬಹುದು, ಮೊಣಕಾಲು ಮಡಚಲು ಆಗದಿರಬಹುದು, ಹಿಟ್ಟು ಮೊದಲೋ ಬಿಸಿನೀರು ಮೊದಲೋ ಎಂಬ ಕ್ರಮವೇ ಮರೆತು ಹೋಗಿರಬಹುದು. ರೊಟ್ಟಿ ನಿಂತಲ್ಲಿ ಚಹಾ-ಬಿಸ್ಕೀಟು ಶುರುವಾಗುತ್ತದೆ. ಅದರ ಮೇಲೆ ಸಕ್ಕರೆ ಕಾಯಿಲೆಯ ಗ್ಲಿಮಿಪಿರೈಡ್ ಗುಳಿಗೆಯನ್ನು ತಪ್ಪದೆ ನುಂಗುತ್ತಿದ್ದರೆ ಸಕ್ಕರೆ ಇಳಿದು ಕಣ್ಣು ಕತ್ತಲೆ ಬಂದು ಬೀಳುತ್ತಾರೆ. “ಬಚ್ಚಲದಾಗ ಕಾಲು ಜಾರ್ತು” ಅಂತ ನಿಮಗೆ ಸುದ್ದಿ ಬರುತ್ತದೆ.

ಗುಳಿಗೆಯ ಪಟ್ಟಿಗಳನ್ನು ಹಾಸಿಗೆ ಮೇಲೆ ಹರಡಿ ಎಣಿಸಿ. ಒಂದೇ ಬಿಪಿ ಔಷಧವನ್ನು ಎರಡು ಕಂಪನಿ ಹೆಸರಿನಲ್ಲಿ ಇಬ್ಬರು ಡಾಕ್ಟರು ಬರೆದಿರುತ್ತಾರೆ, ಅಪ್ಪ ಎರಡನ್ನೂ ಭಕ್ತಿಯಿಂದ ತೆಗೆದುಕೊಳ್ಳುತ್ತಿರುತ್ತಾರೆ. ಬಳೆ ಮೊಣಕೈವರೆಗೆ ಜಾರುತ್ತಿವೆಯೆ, ಕುಪ್ಪಸ ಸಡಿಲಾಗಿದೆಯೆ, ಜೆಸ್ಕಾಂ ಬಿಲ್ಲು ಕಟ್ಟದೆ ಬಿದ್ದಿದೆಯೆ, ಟಿವಿ ಶಬ್ದ ಓಣಿಯ ಆ ತುದಿಗೂ ಕೇಳುತ್ತಿದೆಯೆ, ಗುಡಿಗೆ ಹೋಗುವುದನ್ನು ಬಿಟ್ಟಿದ್ದಾರೆಯೆ ಅಂತ ನೋಡಿ. ಇನ್ನೊಂದು ಸರಳ ಪರೀಕ್ಷೆ ಇದೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಹೇಳಿ. ಪಕ್ಕದಲ್ಲೇ ನಿಂತಿರಿ. ಅದಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದು ತಿಳಿಯಬೇಕು. ಬಚ್ಚಲಿಗೆ ಹಿಡಿಕೆ ಹಾಕಿಸುವುದನ್ನು ಮುಂದಿನ ದೀಪಾವಳಿಗೆ ತಳ್ಳಬೇಡಿ.

ಮರೆವಿನ ವಿಷಯದಲ್ಲಿ ನಮ್ಮ ಹಿರಿಯರು ಬಹಳ ಚಾಣಾಕ್ಷರು. ಸೇಡಂ ಕಡೆಯ ಒಬ್ಬ ನಿವೃತ್ತ ಮಾಸ್ತರರು ನನ್ನಲ್ಲಿಗೆ ಬಂದಿದ್ದರು. “ಇವತ್ತು ಯಾವ ವಾರ ಸರ್?” ಅಂತ ಕೇಳಿದೆ. “ಡಾಕ್ಟರಬಾಯಾರ, ಕ್ಯಾಲೆಂಡರು ನಿಮ್ಮ ಹಿಂದಿನ ಗ್ವಾಡಿಗೇ ಅದ, ನನ್ನ ಯಾಕ ಕೇಳ್ತೀರಿ?” ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. “ಈಗಿನ ಮುಖ್ಯಮಂತ್ರಿ ಯಾರು ಸರ್?” “ಯಾರಾದ್ರೇನ್ರಿ, ನಮ್ಮೂರ ರಸ್ತಾ ಹಂಗೇ ಅದ.” ಮತ್ತೆ ನಗು. ಜೊತೆಗಿದ್ದ ಮಗನಿಗೆ ಅಪ್ಪನ ಹಾಸ್ಯಪ್ರಜ್ಞೆಯ ಮೇಲೆ ಅಭಿಮಾನ ಉಕ್ಕುತ್ತಿತ್ತು. ಕೇಳಿದ ಒಂದು ಪ್ರಶ್ನೆಗೂ ಉತ್ತರ ಬರಲಿಲ್ಲ ಎಂಬುದು ಅವನ ಗಮನಕ್ಕೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. ಹಾಗಂತ ಮರೆವೆಲ್ಲ ಗುಣವಾಗದ ಮರೆವಲ್ಲ. ಬಿ12 ಕೊರತೆ, ಥೈರಾಯ್ಡ್, ಮನಸ್ಸಿನ ಖಿನ್ನತೆ, ಕಿವಿ ಮಂದವಾಗಿರುವುದು, ಇವೂ ಮರೆವಿನ ವೇಷದಲ್ಲೇ ಬರುತ್ತವೆ, ಇವಕ್ಕೆ ಉಪಾಯ ಇದೆ. “ವಯಸ್ಸಾತು, ಹಂಗೇ” ಅಂತ ಕೈಬಿಡುವ ಮೊದಲು ಒಂದು ರಕ್ತಪರೀಕ್ಷೆ, ಒಂದು ಕಿವಿಯ ಪರೀಕ್ಷೆ ಆಗಲೇಬೇಕು.

ಈಗ ಕನ್ನಡಕ್ಕೆ ಬರುತ್ತೇನೆ. ಕುಕಟಪಲ್ಲಿಯ ಒಂದು ಮನೆಯಿಂದ ಯಾದಗಿರಿ ಕಡೆಯ ಒಬ್ಬ ಆಯಿಯನ್ನು ಕರೆತಂದರು. ಗಂಡನ ನೌಕರಿಗಾಗಿ ಬಂದು, ಜೀವನವೆಲ್ಲ ತೆಲುಗಿನಲ್ಲಿ ಬಾಜಾರ ಮಾಡಿ, ಉರ್ದುವಿನಲ್ಲಿ ನೆರೆಯವರ ಜೊತೆ ಸುಖದುಃಖ ಹಂಚಿಕೊಂಡವರು. ಎರಡೇ ದಿನದಲ್ಲಿ ಆಯಿ ಪೂರ್ತಿ ಬದಲಾಗಿದ್ದರು. ರಾತ್ರಿಯೆಲ್ಲ ನಿದ್ದೆ ಇಲ್ಲ, ಗೋಡೆ ಮೇಲೆ ಯಾರನ್ನೋ ಕಂಡು ಬೈಯುವುದು, ಬಾಗಿಲು ತೆಗೆದು ಹೊರಡುವುದು. ಜೊತೆಗಿದ್ದ ಮೊಮ್ಮಗಳು ಒಳ್ಳೆಯ ಹುಡುಗಿ, ಅಜ್ಜಿಯ ಮೇಲೆ ಪ್ರಾಣ. “ನಾನಮ್ಮ ಏನೇನೋ ಒದರ್ತಾಳೆ ಡಾಕ್ಟರ್, ಅರ್ಥಾನೇ ಇಲ್ಲ” ಅಂತ ಅತ್ತಳು. ನಾನು ಕೈ ಹಿಡಿದು “ಯಾಕ ಯವ್ವಾ, ಏನಾಗ್ತದ?” ಅಂದೆ. ಆಯಿ ನನ್ನ ಮುಖ ನೋಡಿ, “ಒಂದಕ್ಕ ಹೋದ್ರ ಉರಿತದ ಯವ್ವಾ, ಎಲ್ರಿಗೂ ಹೇಳೀನಿ, ಯಾರೂ ಕೇಳವಲ್ರು” ಅಂದರು.

ಮೂತ್ರದ ಸೋಂಕು. ವಯಸ್ಸಾದವರಲ್ಲಿ ಸೋಂಕಾದರೂ, ರಕ್ತದಲ್ಲಿ ಸೋಡಿಯಂ ಇಳಿದರೂ ಹೀಗೆ ಒಂದೆರಡು ದಿನದಲ್ಲಿ ಬುದ್ಧಿ ಕದಡಿಬಿಡುತ್ತದೆ. ನಿಧಾನಕ್ಕೆ ತಿಂಗಳುಗಟ್ಟಲೆ ಬರುವ ಮರೆವು ಬೇರೆ, ಗಂಟೆಗಳಲ್ಲಿ, ದಿನಗಳಲ್ಲಿ ಬರುವ ಗೊಂದಲ ಬೇರೆ. ಎರಡನೆಯದು ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಆ ಆಯಿ ಔಷಧ ತೆಗೆದುಕೊಂಡು ಗುಣವಾದರು. ಆದರೆ ಅವರು ಎರಡು ದಿನ ತಮ್ಮ ನೋವನ್ನು ಸ್ಪಷ್ಟ ಕನ್ನಡದಲ್ಲಿ ಹೇಳುತ್ತಲೇ ಇದ್ದರು ಎಂಬುದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಮೆದುಳು ದಣಿದಾಗ ಆಮೇಲೆ ಕಲಿತ ಭಾಷೆಗಳು ಎಷ್ಟೋ ಮಂದಿಯಲ್ಲಿ ಮೊದಲು ಹಿಂದೆ ಸರಿಯುತ್ತವೆ, ತಾಯಿಯ ಭಾಷೆ ಕಡೆಯವರೆಗೆ ನಿಲ್ಲುತ್ತದೆ. ನಮ್ಮ ಹಿರಿಯರಲ್ಲಿ ಉರ್ದು ಶಾಲೆಯಲ್ಲಿ ಕಲಿತವರಿದ್ದಾರೆ. 1956ಕ್ಕೆ ಮೊದಲು ನಮ್ಮದೂ ಇದೇ ಹೈದರಾಬಾದ್ ರಾಜ್ಯವಾಗಿತ್ತಲ್ಲ! ಅವರೂ ಕೊನೆಗೆ ಅವ್ವನ ಮಾತಿಗೇ ಮರಳುತ್ತಾರೆ. ಆಗ ಮನೆಯಲ್ಲಿ ಕೇಳಿಸಿಕೊಳ್ಳುವವರು ಇರಬೇಕಲ್ಲವೆ?

ಮಕ್ಕಳಿಗೆ ಭಾಷೆಗಳ ಭಾರ ಜಾಸ್ತಿಯಾಗುತ್ತದೆ ಎನ್ನುವ ತಾಯಂದಿರಿಗೆ ಒಂದು ಮಾತು. ಇದೇ ಊರಿನ ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ಜೊತೆಗಾರರು ಮರೆವಿನ ಕಾಯಿಲೆಯ 648 ಮಂದಿಯನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲೂ ಇದೇ ಕಂಡಿತ್ತು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು, ಬಾಜಾರದಲ್ಲಿ ಉರ್ದು ಆಡುತ್ತ ಬದುಕಿದ ನಮ್ಮಂಥವರ ಊರಿನಿಂದಲೇ ಈ ತಿಳಿವಳಿಕೆ ಜಗತ್ತಿಗೆ ಹೋಯಿತು ಎಂಬುದು ನನಗೆ ದೊಡ್ಡ ಹೆಮ್ಮೆ.

ನೆನಪಿನ ಪರೀಕ್ಷೆಯನ್ನು ಕೂಡ ಆಡುವ ಭಾಷೆಯಲ್ಲೇ ಮಾಡಬೇಕು. ಐಸಿಎಂಆರ್ ನೆರವಿನಿಂದ ತಯಾರಾದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ಕನ್ನಡದ ಅಜ್ಜನನ್ನು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ ಫೇಲು ಮಾಡಿದ ಚೀಟಿಗಳನ್ನು ನಾನು ನೋಡಿದ್ದೇನೆ. “ಕನ್ನಡದಲ್ಲಿ ಕೇಳ್ರಿ” ಅಂತ ಧೈರ್ಯವಾಗಿ ಹೇಳಿ.

ಊರಲ್ಲಿ ಅವ್ವನ ಜೊತೆ ಇರುವ ತಮ್ಮನ ಹೆಂಡತಿಯನ್ನು ಮರೆಯಬೇಡಿ. ಎರಡು ದಿನಕ್ಕೆ ಹೋದ ನಾವು “ಯಾಕ ಹಿಂಗ ಸೊರಗ್ಯಾಳ, ಯಾರೂ ನೋಡಂಗಿಲ್ಲೇನು?” ಅಂತ ಗದರಿ ಬರುತ್ತೇವೆ. ಅವಳು ರಾತ್ರಿ ನಿದ್ದೆಗೆಟ್ಟದ್ದು, ಹಾಸಿಗೆ ಒಗೆದದ್ದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಅವ್ವನಲ್ಲಿ ಏನು ಬದಲಾಗಿದೆ ಎಂದು ಎಲ್ಲರಿಗಿಂತ ಮೊದಲು ಅವಳಿಗೇ ಗೊತ್ತಿರುತ್ತದೆ. ಅವಳ ಹತ್ತಿರ ಕೂತು ಕೇಳಿ. ಕೆಲಸಕ್ಕೆ ಒಬ್ಬರನ್ನು ಇಡಲು ದುಡ್ಡು ಕಳಿಸಿ, ವರ್ಷದಲ್ಲಿ ಒಂದಷ್ಟು ದಿನ ಅವ್ವನನ್ನು ನೀವು ನೋಡಿಕೊಂಡು ಅವಳನ್ನು ತವರಿಗೆ ಕಳಿಸಿ. ಊರಲ್ಲಿ ಯಾರೂ ಇಲ್ಲದವರಿಗೆ ಹಿರಿಯರ ಸಹಾಯವಾಣಿ 14567 ಇದೆ, ದೇಶದಲ್ಲೆಲ್ಲ ಇದೇ ನಂಬರು.

ಸಂಘದಲ್ಲಿ ನನ್ನದೊಂದು ಬೇಡಿಕೆ. ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಕನ್ನಡ ಕಲಿತವರು ಈ ಸಭೆಯಲ್ಲೇ ಎಷ್ಟೋ ಮಂದಿ ಇದ್ದೀರಿ. ನಿಮ್ಮ ಮೊಮ್ಮಕ್ಕಳಿಗಾಗಿ ರವಿವಾರದ ಕನ್ನಡ ತರಗತಿ ಶುರು ಮಾಡೋಣ. ಮೊದಲ ಪಾಠ ಅ ಆ ಇ ಈ ಬೇಡ. ಆಯಿಗೆ ಫೋನು ಹಚ್ಚಿ “ಏನು ಉಂಡಿ, ಎಲ್ಲಿ ನೋಯ್ತದ, ರಾತ್ರಿ ನಿದ್ದಿ ಬಂತೇನು” ಅಂತ ಕೇಳುವುದು, ಬಂದ ಉತ್ತರವನ್ನು ಅಪ್ಪನಿಗೆ ಹೇಳುವುದು. ಮಗನಿಗೆ ಮುಚ್ಚಿಟ್ಟದ್ದನ್ನು ಮೊಮ್ಮಗುವಿಗೆ ಹೇಳುವ ಆಯಂದಿರು ಬಹಳ. ಇದರ ಜೊತೆಗೆ, ಆಸ್ಪತ್ರೆಯಲ್ಲಿ ಮಲಗಿದ ಕನ್ನಡದ ಹಿರಿಯರ ಬಳಿ ಒಂದು ಗಂಟೆ ಕೂತು ಅವರ ಮಾತನ್ನು ಡಾಕ್ಟರಿಗೆ ತಿಳಿಸುವವರ ಪಟ್ಟಿಯೂ ನಮ್ಮಲ್ಲಿ ಇರಬೇಕು.

ಊಟಕ್ಕೆ ಹೋಗುವ ಬಾಗಿಲ ಹತ್ತಿರ ಮೇಜಿನ ಮೇಲೆ ಎರಡು ನೋಟುಬುಕ್ಕು ಇಟ್ಟಿದ್ದೇನೆ. ನೀಲಿಯದರಲ್ಲಿ ತರಗತಿಗೆ ಬರುವ ಮಕ್ಕಳ ಹೆಸರು, ಕೆಂಪಿನದರಲ್ಲಿ ಆಸ್ಪತ್ರೆಗೆ ಬರಲು ಒಪ್ಪುವವರ ಹೆಸರು ಮತ್ತು ಓಣಿ ಬರೆಯಿರಿ. ಸಂಜೆ ಎರಡನ್ನೂ ಕಾರ್ಯದರ್ಶಿಗಳಿಗೆ ಒಪ್ಪಿಸಿಯೇ ಹೋಗುತ್ತೇನೆ.