ಕಣ್ಣಂದಾಜಿನಿಂದ ತಕ್ಕಡಿಗೆ
(ಸುವರ್ಣ ಮಹೋತ್ಸವ ಸಮಾರಂಭದ ಭಾಷಣ)



ಈ ಶಾಲೆಯಲ್ಲಿ ಸರಾಸರಿ ಲೆಕ್ಕ ಕಲಿತ ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅದೇ ಸರಾಸರಿಯನ್ನು ಗದ್ದೆಗೆ ಇಳಿಸಿದ ಡಾ. ಪಾಂಡುರಂಗ ವಾಸುದೇವ ಸುಖಾತ್ಮೆಯವರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

1911ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಹುಟ್ಟಿದ ಅವರು ಲಂಡನ್ನಿನಲ್ಲಿ ಸಂಖ್ಯಾಶಾಸ್ತ್ರ ಓದಿ, 1940ರಲ್ಲಿ ಕೇಂದ್ರದ ಕೃಷಿ ಸಂಶೋಧನಾ ಪರಿಷತ್ತು ಸೇರಿದರು. ಆಗ ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಮುಂಬಯಿ ಪ್ರಾಂತ್ಯದಲ್ಲಿದ್ದವು. ಅಲ್ಲಿ ಬೆಳೆಯ ಲೆಕ್ಕವೆಂದರೆ ಆಣೇವಾರಿ, ಅಂದರೆ ಕಣ್ಣಂದಾಜು. ಅದರ ಬದಲು ಚೀಟಿ ಎತ್ತಿದಂತೆ ಊರು, ಗದ್ದೆ, ಗದ್ದೆಯೊಳಗಿನ ಜಾಗ ಆರಿಸಿ, ಕೊಯ್ದು, ಬಡಿದು, ತೂಗುವ ಪದ್ಧತಿಯನ್ನು ದೇಶದಲ್ಲಿ ಬೇರೂರಿಸಿದವರಲ್ಲಿ ಸುಖಾತ್ಮೆ ಪ್ರಮುಖರು. ತೀರ ಸಣ್ಣ ತುಂಡು ಅಳೆದರೆ ಅಂಚಿನ ಪೈರೂ ಸೇರಿ ಇಳುವರಿ ಹೆಚ್ಚು ಕಾಣುತ್ತದೆಂದು ಅವರು ತೋರಿಸಿಕೊಟ್ಟರು. 1951ರಿಂದ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ದುಡಿದರು. 1971ರಲ್ಲಿ ಪದ್ಮಭೂಷಣ ಬಂತು.

2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲೂ ಭತ್ತದ ಪರಿಹಾರ ಬಹುಮಟ್ಟಿಗೆ ನಿಂತಿರುವುದು ಈ ಬೆಳೆ ಕಟಾವು ಪ್ರಯೋಗದ ಮೇಲೆ. ಈಗ ತೂಕ ಮೊಬೈಲಿನಲ್ಲೇ ದಾಖಲಾಗುತ್ತದೆ. ನನ್ನ ಕಸುಬಿನಿಂದ ಹೇಳುತ್ತೇನೆ: ತಪ್ಪು ಅಂಕಿ ಕೊಟ್ಟರೆ ಯಂತ್ರ ತಪ್ಪನ್ನೇ ಕೂಡಿಸುತ್ತದೆ. ಚೀಟಿಯಲ್ಲಿ ಬಂದ ಗದ್ದೆ ಬಿಟ್ಟು ರಸ್ತೆ ಬದಿಯ ಒಳ್ಳೆಯ ಗದ್ದೆ ಕೊಯ್ದರೆ, ನೆರೆಯಲ್ಲಿ ಬೆಳೆ ಕಳೆದುಕೊಂಡವರಿಗೆ ಪರಿಹಾರ ತಪ್ಪೀತು. ಬೇಕೆಂದೇ ಜೊಳ್ಳು ಮೂಲೆ ತೋರಿಸುವುದೂ ಅಷ್ಟೇ ಮೋಸ.

ಆದ್ದರಿಂದ ಕಟಾವಿನ ದಿನ ಊರವರು ಗದ್ದೆಯ ಬಳಿ ಇರಿ. ಈ ಶಾಲೆಯ ಮಕ್ಕಳನ್ನೂ ಕರೆದೊಯ್ಯಿರಿ. ತೂಕವನ್ನು ಅವರೂ ಬರೆದುಕೊಳ್ಳಲಿ.