ಹಳೆಯ ಸೈಕಲ್ಲು: ಬಣ್ಣಕ್ಕೆ ಮೊದಲು ಕಾಲ ತಿಳಿಯಿರಿ



ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಸ್ಥಾಪನೆಯಾದವು. ಯಶವಂತಪುರ, ಹೆಬ್ಬಾಳ, ಯಲಹಂಕದ ಕಡೆಗಳಿಂದ ಕೆಲಸಕ್ಕೆ ಹೊರಟ ಎಷ್ಟೋ ಮಂದಿಗೆ ಆಗ ಸೈಕಲ್ಲೇ ವಾಹನ. ರ‍್ಯಾಲಿ, ಹಂಬರ್, ಬಿಎಸ್‌ಎ, ಹರ್ಕ್ಯುಲಿಸ್ ಎಂಬ ಹೆಸರುಗಳು ಮನೆಮಾತಾಗಿದ್ದವು. ಇಂದು ಅಂಥದೊಂದು ಸೈಕಲ್ಲು ಅಜ್ಜನ ಮನೆಯ ಹಿತ್ತಲಲ್ಲಿ ಸಿಕ್ಕಿದರೆ ಮೊಮ್ಮಗ ಮೊದಲು ಮಾಡುವ ಕೆಲಸ ಹೊಸ ಬಣ್ಣ ಹೊಡೆಸುವುದು. ಕೆಲಸ ಕೆಡುವುದೂ ಅಲ್ಲೇ.

ಸೈಕಲ್ಲಿನ ಚರಿತ್ರೆ ಇರುವುದು ಅದರ ಮೈಮೇಲೆ. ಚೈನ್‌ವೀಲ್ ನೋಡಿ: ರ‍್ಯಾಲಿಯಲ್ಲಿ ಬಕಪಕ್ಷಿಯ ತಲೆ, ಹಂಬರಿನಲ್ಲಿ ಐದು ಪುಟ್ಟ ಮನುಷ್ಯಾಕೃತಿ, ಬಿಎಸ್‌ಎಯಲ್ಲಿ ಅದರ ಮೂರು ಅಕ್ಷರ. ಹಿಂದಿನ ಚಕ್ರದಲ್ಲಿ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್ ಇದ್ದರೆ ಅದರ ಮೇಲೆ ತಯಾರಾದ ವರ್ಷ, ತಿಂಗಳು ಒತ್ತಿರುವುದುಂಟು. ಆದರೆ ಚಕ್ರವೇ ಬದಲಾಗಿರಬಹುದು. ಆದ್ದರಿಂದ ಫ್ರೇಮಿನ ಸಂಖ್ಯೆಯನ್ನೂ ತಾಳೆ ನೋಡಬೇಕು. ಉಜ್ಜುಕಾಗದ ಹಿಡಿದರೆ ಬಂಗಾರದ ಗೆರೆ, ಕಂಪನಿಯ ಚಿತ್ರ ಅಳಿಸಿಹೋಗುತ್ತವೆ.

ಕಾಲಕ್ಕೆ ತಕ್ಕ ಬಿಡಿಭಾಗ ಬೇಕೆನ್ನುವುದು ಬರೀ ಶೋಕಿಯಲ್ಲ. ಬ್ರಿಟಿಷ್ ಸೈಕಲ್ಲುಗಳಲ್ಲಿ ಪೆಡಲಿನ ನಡು ಅಚ್ಚು ಕೂರುವ ಬಟ್ಟಲಿಗೆ ಸಾಮಾನ್ಯವಾಗಿ ಇಂಚಿಗೆ 24 ಥ್ರೆಡ್. ಹಳೆಯ ರ‍್ಯಾಲಿಗಳಲ್ಲಿ 26. ಕಣ್ಣಿಗೆ ಎರಡೂ ಒಂದೇ. ಬಲವಂತವಾಗಿ ತಿರುಗಿಸಿದರೆ ಹಾಳಾಗುವುದು ಫ್ರೇಮು.

ಇನ್ನೊಂದು ಪ್ರಶ್ನೆ. ಇಂಗ್ಲೆಂಡಿನ ಫ್ರೇಮಿಗೆ ದೇಶೀ ಮಡ್‌ಗಾರ್ಡು, ಸೀಟು ಸೇರಿಕೊಂಡಿದ್ದರೆ ಅದನ್ನು ಕಿತ್ತು ಹಾಕಬೇಕೆ? ಮದರಾಸಿನಲ್ಲಿ ಟಿಐ ಸೈಕಲ್ಸ್ 1949ರಲ್ಲಿ ಆರಂಭವಾಯಿತು. ಬಂಗಾಳದ ಆಸನ್ಸೋಲಿನಲ್ಲಿ ಸೇನ್-ರ‍್ಯಾಲಿ ಕಾರ್ಖಾನೆಯೂ ಬಂತು. ಹಾಗಾಗಿ ವಿದೇಶೀ ಸೈಕಲ್ಲು ದೇಶೀ ಭಾಗಗಳೊಡನೆ ಓಡಿದ್ದು ಸಹಜ. ಆ ಬೆರಕೆಯೂ ಅದು ಇಲ್ಲಿ ಬಾಳಿದ್ದಕ್ಕೆ ಸಾಕ್ಷಿ. ಕಾರ್ಖಾನೆಯಿಂದ ಹೊರಬಂದ ದಿನದ ರೂಪ ಬೇಕೋ, ಅಜ್ಜ ತುಳಿದ ರೂಪ ಬೇಕೋ ಎಂದು ಮೊದಲು ತೀರ್ಮಾನಿಸಿ. ಎರಡೂ ಸರಿಯೇ, ಆದರೆ ಒಂದನ್ನು ಉಳಿಸಲು ಇನ್ನೊಂದು ಸುಸ್ಥಿತಿಯ ಸೈಕಲ್ಲನ್ನು ಬಿಚ್ಚುವುದು ಸಲ್ಲದು.

ಬ್ರೇಕಿನ ರಬ್ಬರು, ಟೈರು, ಟ್ಯೂಬು ಹೊಸದಿರಲಿ. ಅಲ್ಲಿ ಹಳತಿನ ಮೋಹ ಬೇಡ. ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ತೆಗೆದ ಭಾಗಕ್ಕೆ ಚೀಟಿ ಕಟ್ಟಿ ಡಬ್ಬದಲ್ಲಿಡಿ. ಆ ಸೈಕಲ್ಲನ್ನು ಕಂಡ ಹಿರಿಯರು ಮನೆಯಲ್ಲಿದ್ದರೆ ಸ್ಪ್ಯಾನರ್ ಹಿಡಿಯುವ ಮುನ್ನ ಅವರನ್ನು ಕೇಳಿ. ಯಾವ ಪುಸ್ತಕದಲ್ಲೂ ಸಿಗದ ವಿವರ ಅವರಲ್ಲಿ ಸಿಕ್ಕೀತು.